ಫೈಬರ್ ದೋಣಿ ಕಟ್ಟುವವರ ಕಷ್ಟ

ಕಡಲ ತೀರದ ಅಕ್ಕತಂಗಿಯರೇ,

ಕಡಲ ಕರೆಯಲ್ಲಿ ಸಾಲು ಸಾಲು ದೋಣಿಗಳಿವೆ. ದೋಣಿ ಕಡಲಿಗೆ ಇಳಿದರೆ ಮೀನು ಬರುತ್ತದೆ. ಮೀನು ಬಂದರೆ ಬುಟ್ಟಿ ತುಂಬುತ್ತದೆ. ಬುಟ್ಟಿ ತುಂಬಿದರೆ ಮನೆಯಲ್ಲಿ ಒಲೆ ಉರಿಯುತ್ತದೆ.

ಮೀನು ಹಿಡಿಯುವವರ ಕಷ್ಟ ನಮಗೆ ಗೊತ್ತು. ಮೀನು ಮಾರುವವರ ಕಷ್ಟವೂ ಗೊತ್ತು. ಬಿಸಿಲಲ್ಲಿ ಬುಟ್ಟಿ ಹೊತ್ತು ನಡೆದವರು ನೀವೇ ತಾನೆ? ಆದರೆ ದೋಣಿ ಕಟ್ಟುವವರ ಕಷ್ಟ? ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ದೋಣಿ ಕಟ್ಟುವವರು ಯಾರೋ ದೂರದವರಲ್ಲ. ಒಬ್ಬರ ಗಂಡ, ಒಬ್ಬರ ತಮ್ಮ, ಒಬ್ಬರ ಮಗ. ಹೆಂಗಸರೂ ಶೆಡ್ಡಿನ ಕೆಲಸಕ್ಕೆ ಹೋಗುವುದುಂಟು. ಅವರ ಬಟ್ಟೆ ಒಗೆಯುವವರು ನಾವು. ಅವರಿಗೆ ತಲೆನೋವು ಬಂದಾಗ ಕಷಾಯ ಮಾಡಿ ಕೊಡುವವರೂ ನಾವೇ. ಹಾಗಾಗಿ ಈ ಕೆಲಸ ಏನು, ಅದರಲ್ಲಿ ಅಪಾಯ ಎಲ್ಲಿದೆ ಎಂದು ನಮಗೆ ಗೊತ್ತಿರಬೇಕು. ಬನ್ನಿ, ಓದೋಣ.

ಮರದ ದೋಣಿ ಹೋಯಿತು, ಫೈಬರ್ ಬಂತು

ನಮ್ಮ ಹಿರಿಯರ ಕಾಲದಲ್ಲಿ ದೋಣಿ ಎಂದರೆ ಮರದ ದೋಣಿ. ದೊಡ್ಡ ಮರವನ್ನು ಕೊರೆದು ಪಾತಿ ದೋಣಿ ಮಾಡುತ್ತಿದ್ದರು. ಹಲಗೆ ಜೋಡಿಸಿ ದೊಡ್ಡ ದೋಣಿ ಕಟ್ಟುತ್ತಿದ್ದರು. ಬರಬರುತ್ತಾ ಒಳ್ಳೆಯ ಮರ ಸಿಗುವುದು ಕಷ್ಟವಾಯಿತು. ಬೆಲೆಯೂ ಏರಿತು. ಮರಕ್ಕೆ ಹುಳ ಹಿಡಿಯುತ್ತದೆ. ಉಪ್ಪು ನೀರಲ್ಲಿ ಕೊಳೆಯುತ್ತದೆ.

ಫೈಬರ್ ದೋಣಿ ಹಗುರ. ಅದಕ್ಕೆ ಹುಳ ಹಿಡಿಯುವುದಿಲ್ಲ. ಒಡೆದರೆ ತೇಪೆ ಹಾಕಬಹುದು. ಸಣ್ಣ ಇಂಜಿನ್ ಕಟ್ಟಿದರೂ ಬೇಗ ಓಡುತ್ತದೆ. ಹಾಗಾಗಿ ಎಲ್ಲ ಕಡೆ ಫೈಬರ್ ದೋಣಿ ಬಂತು.

2004ರ ಡಿಸೆಂಬರ್ 26ರಂದು ಸುನಾಮಿ ಬಂದದ್ದು ನಿಮಗೆ ನೆನಪಿರಬಹುದು. ತಮಿಳುನಾಡಿನ ತೀರದಲ್ಲಿ ಸಾವಿರಾರು ದೋಣಿಗಳು ನಾಶವಾದವು. ಆಮೇಲೆ ಅಲ್ಲಿ ತುಂಬಾ ಫೈಬರ್ ದೋಣಿಗಳನ್ನು ಕಟ್ಟಿದರು. ಕಟ್ಟುವ ಶೆಡ್ಡುಗಳೂ ಹೆಚ್ಚಿದವು. ನಮ್ಮ ಕರಾವಳಿಯಲ್ಲೂ ಫೈಬರ್ ಕೆಲಸ ನಡೆಯುತ್ತದೆ. ಹೊಸ ದೋಣಿ ಕಟ್ಟುತ್ತಾರೆ. ಹಳೆಯದನ್ನು ರಿಪೇರಿ ಮಾಡುತ್ತಾರೆ. ಮರದ ಬೋಟಿಗೂ ಮೇಲಿನಿಂದ ಫೈಬರ್ ಹೊದಿಸುತ್ತಾರೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಬೋಟು ದಡಕ್ಕೆ ಬಂದಾಗ ರಿಪೇರಿ ಕೆಲಸ ಬೀಳುತ್ತದೆ.

ಫೈಬರ್ ಎಂದರೇನು?

ಫೈಬರ್ ಎಂದರೆ ನೂಲು. ಇದು ಹತ್ತಿಯ ನೂಲಲ್ಲ, ಗಾಜಿನ ನೂಲು. ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗೆ ಎಳೆಯುತ್ತಾರೆ. ಆ ಎಳೆಗಳನ್ನು ಹಾಸಿ ಚಾಪೆಯ ಹಾಗೆ ಮಾಡುತ್ತಾರೆ. ಇದಕ್ಕೆ ಮ್ಯಾಟ್ ಅನ್ನುತ್ತಾರೆ.

ಮ್ಯಾಟ್ ಮೆತ್ತಗೆ ಇರುತ್ತದೆ. ಅದು ಗಟ್ಟಿಯಾಗಬೇಕು. ಅದಕ್ಕೆ ರೆಸಿನ್ ಬೇಕು. ರೆಸಿನ್ ಎಂದರೆ ಜೇನುತುಪ್ಪದ ಹಾಗಿರುವ ಅಂಟು. ಅದು ದೊಡ್ಡ ಡ್ರಮ್ಮಿನಲ್ಲಿ ಬರುತ್ತದೆ.

ಬರೀ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೆ ಎರಡು ಮದ್ದು ಸೇರಿಸುತ್ತಾರೆ. ಒಂದು ಕೋಬಾಲ್ಟ್. ಅದು ನೇರಳೆ ಬಣ್ಣದ್ದು. ಇನ್ನೊಂದು ಕ್ಯಾಟಲಿಸ್ಟ್. ಅದು ನೀರಿನ ಹಾಗೆ ಕಾಣುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಸ್ವಲ್ಪವೇ ಸಾಕು. ಆಗ ರೆಸಿನ್ ಬಿಸಿಯಾಗಿ ಗಟ್ಟಿಯಾಗುತ್ತದೆ.

ದೋಣಿ ಹೇಗೆ ಕಟ್ಟುತ್ತಾರೆ?

ಮೊದಲು ದೋಣಿಯ ಅಚ್ಚು ಬೇಕು. ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತೇವಲ್ಲ? ಹಾಗೆ ಅಚ್ಚಿಗೆ ಮೇಣ ಸವರುತ್ತಾರೆ. ಆಮೇಲೆ ಬಣ್ಣದ ರೆಸಿನ್ ಬಳಿಯುತ್ತಾರೆ. ಅದರ ಮೇಲೆ ಮ್ಯಾಟ್ ಹಾಸುತ್ತಾರೆ. ಮ್ಯಾಟಿನ ಮೇಲೆ ಬ್ರಶ್ಶಿನಿಂದ ರೆಸಿನ್ ಬಳಿಯುತ್ತಾರೆ. ಒಳಗೆ ಗಾಳಿ ಉಳಿಯದ ಹಾಗೆ ರೋಲರ್ ಉರುಳಿಸುತ್ತಾರೆ. ಮತ್ತೆ ಮ್ಯಾಟ್, ಮತ್ತೆ ರೆಸಿನ್. ಹೀಗೆ ಪದರದ ಮೇಲೆ ಪದರ.

ಗಟ್ಟಿಯಾದ ಮೇಲೆ ದೋಣಿಯನ್ನು ಅಚ್ಚಿನಿಂದ ಬಿಡಿಸುತ್ತಾರೆ. ಗ್ರೈಂಡರ್ ಹಿಡಿದು ಅಂಚು ಕತ್ತರಿಸುತ್ತಾರೆ. ಉಬ್ಬು ತಗ್ಗು ಉಜ್ಜುತ್ತಾರೆ. ಕೊನೆಗೆ ಬ್ರಶ್ಶು, ರೋಲರ್ ಎಲ್ಲ ಅಸಿಟೋನ್ ಅಥವಾ ತಿನ್ನರಿನಲ್ಲಿ ತೊಳೆಯುತ್ತಾರೆ.

ಕೇಳಲು ಸುಲಭ. ಮಾಡುವುದು ಸುಲಭವಲ್ಲ. ದೋಣಿಯ ಒಳಗೆ ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಗಂಟೆಗಟ್ಟಲೆ ರೋಲರ್ ಎಳೆಯಬೇಕು. ಸೊಂಟ, ಮಂಡಿ, ಭುಜ ನೋಯುತ್ತದೆ. ಒಮ್ಮೆ ಮದ್ದು ಬೆರೆಸಿದ ಮೇಲೆ ನಿಲ್ಲುವಂತಿಲ್ಲ. ನಿಂತರೆ ಬಕೆಟಿನಲ್ಲೇ ರೆಸಿನ್ ಗಟ್ಟಿಯಾಗುತ್ತದೆ. ಬಿಸಿಲು ಏರಿದರೆ ಇನ್ನೂ ಬೇಗ ಗಟ್ಟಿ. ಹಾಗಾಗಿ ಊಟಕ್ಕೂ ಏಳದೆ ಓಡಿಓಡಿ ಕೆಲಸ ಮಾಡಬೇಕು.

ಮಳೆ ಬಂದರೆ ಇನ್ನೊಂದು ತೊಂದರೆ. ನೀರು ತಾಗಿದರೆ ಫೈಬರ್ ಕೆಡುತ್ತದೆ. ಆಗ ಶೆಡ್ಡಿನ ಸುತ್ತ ತಾಡಪಾಲು ಕಟ್ಟುತ್ತಾರೆ. ಮಳೆ ಒಳಗೆ ಬರುವುದಿಲ್ಲ, ಸರಿ. ಆದರೆ ಕೆಟ್ಟ ಗಾಳಿ ಹೊರಗೆ ಹೋಗುವುದೂ ಇಲ್ಲ. ಇದನ್ನು ನೆನಪಿಡಿ. ಮುಂದೆ ಈ ವಿಷಯ ಬರುತ್ತದೆ.

ಕಾಣುವ ತೊಂದರೆ: ತುರಿಕೆ

ಫೈಬರ್ ಕೆಲಸ ಎಂದ ಕೂಡಲೇ ಎಲ್ಲರೂ ಹೇಳುವುದು ತುರಿಕೆ. ಗಾಜಿನ ಎಳೆಯ ಚೂರು ಚರ್ಮಕ್ಕೆ ಚುಚ್ಚುತ್ತದೆ. ಕೈ, ಕುತ್ತಿಗೆ ಕೆಂಪಾಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ.

ಗ್ರೈಂಡರ್ ಹಿಡಿದಾಗ ಧೂಳು ಏಳುತ್ತದೆ. ಧೂಳು ಕಣ್ಣಿಗೆ, ಮೂಗಿಗೆ ಹೋಗುತ್ತದೆ. ಕೆಮ್ಮು ಬರುತ್ತದೆ.

ತುರಿಕೆಗೆ ಏನು ಮಾಡಬೇಕು? ತುರಿಸಬೇಡಿ. ತಿಕ್ಕಬೇಡಿ. ತಿಕ್ಕಿದರೆ ಎಳೆ ಇನ್ನೂ ಒಳಗೆ ಹೋಗುತ್ತದೆ. ಮೈಮೇಲೆ ನೀರು ಸುರಿದುಕೊಂಡು ಸೋಪಿನಿಂದ ತೊಳೆಯಬೇಕು. ತಿನ್ನರ್ ಹಾಕಿ ಕೈ ತೊಳೆಯುವ ಅಭ್ಯಾಸ ಕೆಲವರಿಗಿದೆ. ಅದು ತಪ್ಪು. ತಿನ್ನರ್ ಚರ್ಮದ ಎಣ್ಣೆ ತೆಗೆಯುತ್ತದೆ. ಚರ್ಮ ಒಡೆಯುತ್ತದೆ. ಒಡೆದ ಚರ್ಮದಿಂದ ವಿಷ ಒಳಗೆ ಹೋಗುತ್ತದೆ.

ತುರಿಕೆ ನಮ್ಮನ್ನು ಕೂಗಿ ಕರೆಯುತ್ತದೆ. ಹಾಗಾಗಿ ಅದಕ್ಕೆ ಮದ್ದು ಮಾಡುತ್ತೇವೆ. ಆದರೆ ಇದಕ್ಕಿಂತ ದೊಡ್ಡ ವೈರಿ ಬೇರೆ ಇದೆ. ಅದು ಸದ್ದಿಲ್ಲದೆ ಬರುತ್ತದೆ.

ಕಾಣದ ವೈರಿ: ಆವಿ

ನೀರು ಕುದಿಯುವಾಗ ಹಬೆ ಏಳುವುದು ಕಣ್ಣಿಗೆ ಕಾಣುತ್ತದೆ. ರೆಸಿನ್‌ನಿಂದಲೂ ಆವಿ ಏಳುತ್ತದೆ. ಅದು ಕಾಣುವುದಿಲ್ಲ. ಘಾಟು ವಾಸನೆ ಮಾತ್ರ ಬರುತ್ತದೆ. ಈ ಆವಿಯ ಹೆಸರು ಸ್ಟೈರೀನ್. ಹೆಸರು ಕಷ್ಟ. ಬಿಡಿಸಿ ಓದಿ: ಸ್ಟೈ-ರೀ-ನ್.

100 ಕಿಲೋ ರೆಸಿನ್‌ನಲ್ಲಿ ಸಾಮಾನ್ಯವಾಗಿ 35ರಿಂದ 45 ಕಿಲೋ ಸ್ಟೈರೀನ್ ಇರುತ್ತದೆ. ಅದರಲ್ಲಿ ಹೆಚ್ಚಿನದು ದೋಣಿಯಲ್ಲೇ ಗಟ್ಟಿಯಾಗಿ ಸೇರುತ್ತದೆ. ಉಳಿದದ್ದು ಗಾಳಿಗೆ ಹೋಗುತ್ತದೆ. ಬ್ರಶ್ ಹೊಡೆಯುವಾಗ, ರೋಲರ್ ಉರುಳಿಸುವಾಗ ಆವಿ ಹೆಚ್ಚು. ಸೆಕೆ ಇದ್ದರೆ ಇನ್ನೂ ಹೆಚ್ಚು.

ಈ ಆವಿ ಗಾಳಿಗಿಂತ ಭಾರ. ತಗ್ಗಿಗೆ ಇಳಿದು ನಿಲ್ಲುತ್ತದೆ. ದೋಣಿಯ ಹೊಟ್ಟೆಯೇ ಒಂದು ತಗ್ಗು. ಅಲ್ಲೇ ಮನುಷ್ಯ ಬಗ್ಗಿ ಕೂತಿರುತ್ತಾನೆ. ಅವನ ಮೂಗು ಆವಿಯ ಹತ್ತಿರವೇ ಇರುತ್ತದೆ.

ಈ ಆವಿಯಿಂದ ಏನಾಗುತ್ತದೆ?

ಕಣ್ಣು ಉರಿಯುತ್ತದೆ. ಗಂಟಲು ಕೆರೆಯುತ್ತದೆ. ತಲೆ ನೋಯುತ್ತದೆ, ತಲೆ ತಿರುಗುತ್ತದೆ. ವಾಕರಿಕೆ ಬರುತ್ತದೆ. ಸುಸ್ತಾಗುತ್ತದೆ. ಕೆಲವೊಮ್ಮೆ ಕುಡಿದವರ ಹಾಗೆ ಅಮಲು ಬರುತ್ತದೆ. ಮನೆಗೆ ಬಂದಾಗ ಕಾಲು ತೂರಾಡುತ್ತದೆ. ಆಗ ನಾವು ಏನು ಅಂತೇವೆ? "ಇವತ್ತೂ ಕುಡ್ಕೊಂಡು ಬಂದ್ರಾ?" ಅಂತ ಬೈತೇವೆ. ಕುಡಿದಿರಲೂಬಹುದು. ಆದರೆ ಕುಡಿಯದೆಯೂ ಹೀಗಾಗಬಹುದು. ಅದು ಶೆಡ್ಡಿನ ಗಾಳಿಯ ಅಮಲು. ಅದರ ಮೇಲೆ ಹೆಂಡ ಬಿದ್ದರೆ ಇನ್ನೂ ಕೆಟ್ಟದು.

ವರ್ಷಗಟ್ಟಲೆ ಹೀಗೆ ದುಡಿದರೆ ಕಿವಿ ಮಂದವಾಗಬಹುದು. ಗ್ರೈಂಡರ್ ಸದ್ದೂ ಸೇರಿದರೆ ಕಿವಿಗೆ ಎರಡು ಪೆಟ್ಟು. ಕೆಲವರಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಮರೆವು ಬರಬಹುದು.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕೆಳಗೆ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ ಇದೆ. 2018ರಲ್ಲಿ ಅದು ಸ್ಟೈರೀನ್ ಅನ್ನು "ಬಹುಮಟ್ಟಿಗೆ ಕ್ಯಾನ್ಸರ್ ತರಬಲ್ಲ ವಸ್ತು" ಎಂಬ ಪಟ್ಟಿಗೆ ಸೇರಿಸಿತು. ಹಾಗೆಂದರೆ ಈ ಕೆಲಸ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆವಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು ಎಂದು ಅರ್ಥ. ಎಷ್ಟು ಕಡಿಮೆ ಉಸಿರಿಗೆ ಹೋದರೆ ಅಷ್ಟು ಒಳ್ಳೆಯದು.

"ರೂಢಿಯಾಗಿದೆ" ಎಂಬ ಮಾತು

ಬಾವಿಕಟ್ಟೆಯಲ್ಲಿ ಇಂಥ ಮಾತು ನಡೆಯುತ್ತದೆ.

"ಅಕ್ಕಾ, ಭಾವನಿಗೆ ಆ ವಾಸನೆ ತಡೀತದಾ?"

"ಮೊದಮೊದಲು ವಾಂತಿ ಬರ್ತಿತ್ತು ಮಾರಾಯ್ತಿ. ಈಗ ರೂಢಿಯಾಗಿದೆ. ವಾಸನೆಯೇ ಗೊತ್ತಾಗುದಿಲ್ಲ ಅಂತಾರೆ."

"ಹಾಗಾದ್ರೆ ಅಡ್ಡಿಲ್ಲ ಬಿಡಿ."

ಅಡ್ಡಿ ಇದೆ! ಇಲ್ಲೇ ನಾವು ಮೋಸ ಹೋಗುವುದು.

ಯೋಚಿಸಿ. ಮೀನು ಮಾರುವವರಿಗೆ ಮೀನಿನ ವಾಸನೆ ಗೊತ್ತಾಗುತ್ತದಾ? ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಗೊತ್ತಾಗುತ್ತದೆ. ಹಾಗೆಂದು ಬುಟ್ಟಿಯಲ್ಲಿ ಮೀನು ಇಲ್ಲವೇ? ಇದೆ. ನಮ್ಮ ಮೂಗಿಗೆ ರೂಢಿಯಾಗಿದೆ, ಅಷ್ಟೇ.

ಮೀನಿನ ವಾಸನೆಯಿಂದ ಕೇಡಿಲ್ಲ. ಸ್ಟೈರೀನ್ ಹಾಗಲ್ಲ. ಮೂಗಿಗೆ ರೂಢಿಯಾಗುತ್ತದೆ. ಮಿದುಳಿಗೆ, ಕಿವಿಗೆ, ರಕ್ತಕ್ಕೆ ರೂಢಿಯಾಗುವುದಿಲ್ಲ. ವಾಸನೆ ಬರುವುದು ನಿಂತಿತು ಎಂದರೆ ಅಪಾಯ ನಿಂತಿತು ಎಂದಲ್ಲ. ಎಚ್ಚರಿಸುವ ನಾಯಿ ಮಲಗಿತು ಎಂದು ಅರ್ಥ. ಕಳ್ಳ ಒಳಗೇ ಇದ್ದಾನೆ.

ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಕೇ?

ತುಂಬಾ ಜನ ಮುಖಕ್ಕೆ ಟವೆಲ್ ಕಟ್ಟಿ ಕೆಲಸ ಮಾಡ್ತಾರೆ. ಕಟ್ಟಿದ ಮೇಲೆ ಭಯವಿಲ್ಲ ಅಂದುಕೊಳ್ತಾರೆ.

ಅಕ್ಕಿ ಜರಡಿಯಲ್ಲಿ ಕಲ್ಲು ನಿಲ್ಲುತ್ತದೆ. ನೀರು ನಿಲ್ಲುತ್ತದಾ? ಇಲ್ಲ. ಬಟ್ಟೆಯೂ ಜರಡಿಯ ಹಾಗೆ. ದಪ್ಪ ಧೂಳು ಸ್ವಲ್ಪ ನಿಲ್ಲುತ್ತದೆ. ಆವಿ ನಿಲ್ಲುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ನಾವು ಹಾಕಿದ ಮಾಸ್ಕ್ ಕೂಡ ಈ ಆವಿಯನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಗ್ರೈಂಡರ್ ಧೂಳಿಗೆ ಒಳ್ಳೆಯದು. ಆವಿಗೆ ಅದೂ ಸಾಲದು.

ಆವಿ ತಡೆಯುವ ಮಾಸ್ಕ್ ಬೇರೆ. ಅದರ ಎರಡು ಬದಿಯಲ್ಲಿ ಡಬ್ಬಿ ಇರುತ್ತದೆ. ಡಬ್ಬಿಯ ಒಳಗೆ ವಿಶೇಷ ಇದ್ದಿಲು ಇರುತ್ತದೆ. ಇದ್ದಿಲು ಆವಿಯನ್ನು ಹೀರುತ್ತದೆ. ಸ್ವಲ್ಪ ಕಾಲ ಬಳಸಿದ ಮೇಲೆ ಡಬ್ಬಿ ಬದಲಿಸಬೇಕು. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕು.

ಮಾಸ್ಕಿಗಿಂತ ಮೊದಲು ಬೇಕಾದದ್ದು ಗಾಳಿ. ಶೆಡ್ಡಿನ ಎರಡು ಬದಿಯಾದರೂ ತೆರೆದಿರಬೇಕು. ಮಳೆಗೆ ತಾಡಪಾಲು ಕಟ್ಟಿದರೆ ಆವಿ ಹೊರಗೆ ಹೋಗಲು ಫ್ಯಾನ್ ಬೇಕು. ದೋಣಿಯ ಹೊಟ್ಟೆಯಿಂದ ಕೆಟ್ಟ ಗಾಳಿ ಹೊರಗೆ ಎಳೆಯುವ ವ್ಯವಸ್ಥೆ ಬೇಕು. ಡ್ರಮ್ಮಿನ ಮುಚ್ಚಳ ಸದಾ ಮುಚ್ಚಿರಬೇಕು. ಒಬ್ಬನೇ ಇಡೀ ದಿನ ದೋಣಿಯೊಳಗೆ ಇರಬಾರದು. ಸರದಿಯಂತೆ ಹೊರಗೆ ಬಂದು ಒಳ್ಳೆಯ ಗಾಳಿ ತೆಗೆದುಕೊಳ್ಳಬೇಕು.

ಕಣ್ಣು ಮತ್ತು ಬೆಂಕಿ

ಕ್ಯಾಟಲಿಸ್ಟ್ ನೀರಿನ ಹಾಗೆ ಕಾಣುತ್ತದೆ ಎಂದೆವು. ಒಂದು ಹನಿ ಕಣ್ಣಿಗೆ ಹಾರಿದರೂ ಸಾಕು. ಕಣ್ಣು ಶಾಶ್ವತವಾಗಿ ಹೋಗಬಹುದು. ಅದನ್ನು ಮುಟ್ಟುವವರು ಕನ್ನಡಕ ಹಾಕಲೇಬೇಕು.

ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ನೀರು ಹಾಕಿ. ಒಂದು ಕ್ಷಣವೂ ಕಾಯಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಸುರಿಯಬೇಕು. ಆಮೇಲೆ ಆಸ್ಪತ್ರೆ. ಎದೆಹಾಲು, ಎಣ್ಣೆ, ಸೊಪ್ಪಿನ ರಸ ಏನೂ ಬಿಡಬೇಡಿ. ನೀರು ಮಾತ್ರ.

ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಬೆರೆಸಲೇಬಾರದು. ಬೆರೆಸಿದರೆ ಬೆಂಕಿ ಏಳುತ್ತದೆ, ಸಿಡಿಯುತ್ತದೆ. ಮೊದಲು ಒಂದನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು. ಆಮೇಲೆಯೇ ಇನ್ನೊಂದು. ಎರಡರ ಬಾಟಲಿಯನ್ನೂ ದೂರ ದೂರ ಇಡಬೇಕು.

ಮದ್ದು ಬೆರೆಸಿದ ರೆಸಿನ್ ಬಕೆಟಿನಲ್ಲಿ ಉಳಿದರೆ ತುಂಬಾ ಕಾಯುತ್ತದೆ. ಹೊಗೆ ಬರುತ್ತದೆ. ಬೆಂಕಿಯೂ ಹತ್ತಬಹುದು. ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಶೆಡ್ಡಿನಲ್ಲಿ ಬೀಡಿ ಬೇಡ. ಅಲ್ಲಿ ಚಹಾ ಕಾಯಿಸುವುದೂ ಬೇಡ. ನೀವು ಬುತ್ತಿ ಕೊಂಡುಹೋದರೆ ಹೊರಗೇ ಕರೆದು ಕೊಡಿ. ಕೈ ತೊಳೆದು, ಹೊರಗೆ ಕೂತು ಉಣ್ಣಲಿ.

ಅಪಾಯ ಮನೆಗೂ ಬರುತ್ತದೆ

ಈಗ ನಮ್ಮ ಕೈಯಲ್ಲೇ ಇರುವ ವಿಷಯ ಹೇಳುತ್ತೇವೆ.

1. ಕೆಲಸದ ಬಟ್ಟೆ ಬೇರೆ, ಮನೆಯ ಬಟ್ಟೆ ಬೇರೆ. ಸಾಧ್ಯವಾದರೆ ಶೆಡ್ಡಿನಲ್ಲೇ ಬಟ್ಟೆ ಬದಲಿಸಿ ಬರಲಿ. ಇಲ್ಲವಾದರೆ ಅಂಗಳದಲ್ಲೇ ಕಳಚಲಿ. ಮೈ ತೊಳೆದ ಮೇಲೆ ಮಗುವನ್ನು ಎತ್ತಿಕೊಳ್ಳಲಿ.

2. ಫೈಬರ್ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಗುವಿನ ಬಟ್ಟೆಯ ಜೊತೆ ಹಾಕಬೇಡಿ. ಗಾಜಿನ ಎಳೆ ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. ಆಮೇಲೆ ಮಗು ಯಾಕೆ ಅಳುತ್ತದೆ ಎಂದೇ ಗೊತ್ತಾಗುವುದಿಲ್ಲ. ಒಗೆದ ಮೇಲೆ ಬಕೆಟು, ಕಲ್ಲು ಎರಡನ್ನೂ ನೀರು ಹಾಕಿ ತೊಳೆಯಿರಿ.

3. ರೆಸಿನ್ ಡ್ರಮ್ಮಿನಲ್ಲಿ ನೀರು ತುಂಬಬೇಡಿ. ಡ್ರಮ್ಮು ಗಟ್ಟಿ ಇದೆ, ಚಂದ ಇದೆ. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಅಕ್ಕಿ, ಉಪ್ಪು, ಮೀನು ಯಾವುದಕ್ಕೂ ಬೇಡ.

4. ಕ್ಯಾಟಲಿಸ್ಟ್ ಅನ್ನು ಕುಡಿಯುವ ನೀರಿನ ಬಾಟಲಿಗೆ ಹಾಕಿ ಮನೆಗೆ ತರಬಾರದು. ಮಕ್ಕಳು ನೀರೆಂದು ಕುಡಿದರೆ ಜೀವಕ್ಕೇ ಅಪಾಯ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

5. ಫೈಬರ್ ಚೂರನ್ನು ಬಚ್ಚಲ ಒಲೆಗೆ ಹಾಕಬೇಡಿ. ಅದು ಚೆನ್ನಾಗಿ ಉರಿಯುತ್ತದೆ. ಆದರೆ ಹೊಗೆ ವಿಷ.

6. ಗರ್ಭಿಣಿಯರು, ಮಕ್ಕಳು ಶೆಡ್ಡಿನಿಂದ ದೂರ ಇರಬೇಕು. ತಾಯಿ ಉಸಿರಾಡಿದ್ದು ಹೊಟ್ಟೆಯ ಮಗುವಿಗೂ ತಲುಪುತ್ತದೆ.

ಡಬ್ಬಿಯ ಮೇಲೆ ಏನಿದೆ? ಓದಿ

ಡಬ್ಬಿಯ ಮೇಲೆ ಹೆಚ್ಚಾಗಿ ಇಂಗ್ಲಿಷ್ ಬರಹ ಇರುತ್ತದೆ. ಅದನ್ನು ಓದಲು ಆಗದಿದ್ದರೂ ಚಿತ್ರ ಓದಬಹುದು. ಕೆಂಪು ಗೆರೆಯ ಚೌಕದೊಳಗೆ ಚಿತ್ರ ಇರುತ್ತದೆ.

ಬೆಂಕಿಯ ಚಿತ್ರ: ಬೇಗ ಹೊತ್ತಿಕೊಳ್ಳುತ್ತದೆ.
ಕೈಯ ಮೇಲೆ ಹನಿ ಬೀಳುವ ಚಿತ್ರ: ಚರ್ಮ, ಕಣ್ಣು ಸುಡುತ್ತದೆ.
ಮನುಷ್ಯನ ಎದೆಯಲ್ಲಿ ನಕ್ಷತ್ರದಂಥ ಗುರುತು: ದೇಹದ ಒಳಗೆ ಕೇಡು ಮಾಡುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೂ ಈ ಚಿತ್ರ ತೋರಿಸಿ.

ಇದು ಯಾರ ಜವಾಬ್ದಾರಿ?

"ಅವರೇ ಹುಷಾರಾಗಿದ್ದರೆ ಆಯ್ತಲ್ಲ?" ಎಂದು ಕೆಲವರು ಹೇಳುತ್ತಾರೆ. ಕೆಲಸಗಾರ ಹುಷಾರಾಗಿ ಇರಬೇಕು, ನಿಜ. ಆದರೆ ಶೆಡ್ಡಿಗೆ ಫ್ಯಾನ್ ಹಾಕುವುದು ಅವನ ಕೈಯಲ್ಲಿಲ್ಲ. ಮಾಸ್ಕಿನ ಡಬ್ಬಿಗೆ ದುಡ್ಡು ಬೇಕು. ದಿನಗೂಲಿಯಲ್ಲಿ ಅದನ್ನು ತರಲು ಆಗುವುದಿಲ್ಲ. ಗಾಳಿ, ಮಾಸ್ಕ್, ಕೈಗವಸು, ಕನ್ನಡಕ, ಕೈ ತೊಳೆಯಲು ನೀರು, ಬೆಂಕಿ ಆರಿಸುವ ಸಲಕರಣೆ ಇವೆಲ್ಲ ಒದಗಿಸಬೇಕಾದವರು ಮಾಲೀಕರು. ಅದು ದಾನವಲ್ಲ. ದುಡಿಯುವವರ ಹಕ್ಕು.

ಒಬ್ಬರೇ ಕೇಳಿದರೆ "ನಾಳೆಯಿಂದ ಬರಬೇಡ" ಅನ್ನಬಹುದು. ಆ ಭಯ ನಮಗೂ ಗೊತ್ತು. ಹಾಗಾಗಿ ಎಲ್ಲರೂ ಸೇರಿ ಕೇಳಬೇಕು. ಮನೆಯವರು ಜೊತೆಗಿದ್ದರೆ ಅವರಿಗೆ ಬಲ ಬರುತ್ತದೆ.

10 ಅಥವಾ ಹೆಚ್ಚು ಜನ ದುಡಿಯುವ ಕಡೆ ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯಕ್ಕೆ ಅವಕಾಶ ಇದೆ. ಸಂಬಳದ ಮಿತಿ ಇದೆ. ವಿಚಾರಿಸಿ. ಹಾಜರಿ ಪುಸ್ತಕದಲ್ಲಿ ಹೆಸರು ಇದೆಯೇ ಎಂದು ನೋಡಲು ಹೇಳಿ. ಹೆಸರು ಇಲ್ಲದಿದ್ದರೆ, ನಾಳೆ ಏನಾದರೂ ಆದಾಗ ಅವರು ಅಲ್ಲಿ ದುಡಿದರು ಎನ್ನಲು ಸಾಕ್ಷಿ ಸಿಗುವುದು ಕಷ್ಟ. ಅಸಂಘಟಿತ ಕೆಲಸಗಾರರಿಗೆ 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು. ಅದರಲ್ಲೂ ಹೆಸರು ಬರೆಸಬಹುದು. 18 ತುಂಬದ ಮಕ್ಕಳನ್ನು ಇಂಥ ಅಪಾಯದ ಕೆಲಸಕ್ಕೆ ಕಳಿಸಬಾರದು. ಕಾನೂನೂ ಇದನ್ನೇ ಹೇಳುತ್ತದೆ.

ಡಾಕ್ಟರ ಹತ್ತಿರ ಹೋದಾಗ "ತಲೆನೋವು" ಎಂದು ಮಾತ್ರ ಹೇಳಬೇಡಿ. "ಇವರು ಫೈಬರ್ ದೋಣಿ ಕೆಲಸ ಮಾಡ್ತಾರೆ. ರೆಸಿನ್ ವಾಸನೆಯಲ್ಲಿ ಇಡೀ ದಿನ ಇರ್ತಾರೆ" ಎಂದು ಹೇಳಿ. ಎಷ್ಟು ವರ್ಷದಿಂದ ಎಂದೂ ಹೇಳಿ. ಕೆಲಸ ಬಿಟ್ಟ ಕೂಡಲೇ ಮೂತ್ರ ಪರೀಕ್ಷೆ ಮಾಡಿದರೆ ಮೈಗೆ ಎಷ್ಟು ಸ್ಟೈರೀನ್ ಸೇರಿದೆ ಎಂದು ತಿಳಿಯಬಹುದು. ಕಿವಿಯ ಪರೀಕ್ಷೆಯೂ ಇದೆ.

ಕೆಲಸ ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಕೆಲಸ ಬಿಟ್ಟರೆ ಊಟಕ್ಕೆ ಏನು? ದೋಣಿ ಬೇಕು. ಕಟ್ಟುವವರೂ ಬೇಕು. ಅವರು ಕಟ್ಟಿದ ದೋಣಿ ಎಷ್ಟೋ ವರ್ಷ ಬಾಳುತ್ತದೆ. ಅವರ ಮೈಯೂ ಅಷ್ಟು ವರ್ಷ ಗಟ್ಟಿಯಾಗಿರಬೇಕು ಎಂದು ನಾವು ಹೇಳುತ್ತೇವೆ.

ಕೇಂದ್ರದಲ್ಲಿ ಕೂತು ಮಾತಾಡಿ

1. ನಿಮ್ಮ ಊರಿನಲ್ಲಿ ಫೈಬರ್ ಕೆಲಸ ಮಾಡುವವರು ಎಷ್ಟು ಮಂದಿ? ಅವರ ಶೆಡ್ಡಿನಲ್ಲಿ ಗಾಳಿ ಆಡುತ್ತದೆಯೇ?
2. "ರೂಢಿಯಾಗಿದೆ" ಎಂದು ಹೇಳುವವರಿಗೆ ನೀವು ಏನು ಉತ್ತರ ಕೊಡುತ್ತೀರಿ?
3. ನಿಮ್ಮ ಮನೆಯಲ್ಲಿ ರೆಸಿನ್ ಡ್ರಮ್ಮು ಇದೆಯೇ? ಅದರಲ್ಲಿ ಏನು ತುಂಬಿದ್ದೀರಿ?
4. ಈ ಪದಗಳನ್ನು ಓದಿ, ಬರೆಯಿರಿ: ದೋಣಿ, ಮ್ಯಾಟ್, ರೆಸಿನ್, ಆವಿ, ಉಸಿರು, ಹಕ್ಕು.